ನಿಮ್ಮ ಎರಡನೆಯ ಆಯ್ಕೆ ಯಾರು?

(ಧಾರವಾಡದಲ್ಲಿ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಕೆಲವು ಇಸವಿ, ಅಂಕಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಸ್ನೇಹಿತರೆ,

2008ರ ಜನವರಿ 3, ಗುರುವಾರ ಸಂಜೆ. ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಊರು, ಅಲ್ಲಿನ ಪ್ರಾಥಮಿಕ ಶಾಲೆಯ ಊಟದ ಕೋಣೆ. ಹೊರಗೆ ಹಲ್ಲು ಕಟಕಟಿಸುವ ಚಳಿ. ಒಳಗೆ ಚಿಕ್ಕಮಕ್ಕಳು ಕೂರುವ ಗಿಡ್ಡ ಬೆಂಚುಗಳ ಮೇಲೆ ದಪ್ಪ ಕೋಟು ಹಾಕಿಕೊಂಡ 180 ಜನ ದೊಡ್ಡವರು. ಅವರಲ್ಲಿ ನಾನೂ ಒಬ್ಬ. ಇದೇ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೀಜದ ಬಗ್ಗೆ ಓದಿ, ಮೆಕ್ಕೆಜೋಳದ ಸೀಮೆಗೆ ಹೋಗಿ ನೆಲೆಸಿದವನು. ಅಲ್ಲಿನ ಪೌರತ್ವ ಸಿಕ್ಕು ಒಂದು ವರ್ಷ ಆಗಿತ್ತು. ಅದು ನನ್ನ ಮೊದಲ ಕಾಕಸ್, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಊರವರು ಸೇರಿ ತೀರ್ಮಾನಿಸುವ ಸಭೆ.

ಡೆಮಾಕ್ರಟಿಕ್ ಪಕ್ಷದ ಆಗಿನ ಕಾಕಸ್‌ನಲ್ಲಿ ಪರದೆ ಇರಲಿಲ್ಲ, ಗುಂಡಿ ಇರಲಿಲ್ಲ, ಬೆರಳಿಗೆ ಶಾಯಿ ಇರಲಿಲ್ಲ. ಗೋಡೆಗೆ ಒಬ್ಬೊಬ್ಬ ಅಭ್ಯರ್ಥಿಯ ಹೆಸರು ಅಂಟಿಸಿರುತ್ತಿದ್ದರು. ನಿಮಗೆ ಯಾರು ಬೇಕೋ ಅವರ ಹೆಸರಿನ ಕೆಳಗೆ ಹೋಗಿ ನಿಲ್ಲಬೇಕಿತ್ತು. ಆಮೇಲೆ ತಲೆ ಎಣಿಸುತ್ತಿದ್ದರು. ನಿಮ್ಮ ಮಗಳ ಟೀಚರು, ಅಂಚೆಯಣ್ಣ, ಬ್ಯಾಂಕಿನ ಕೌಂಟರಿನಾಕೆ, ಎಲ್ಲರೂ ನೀವೆಲ್ಲಿ ನಿಂತಿರಿ ಅಂತ ನೋಡುತ್ತಿದ್ದರು. ಅದಕ್ಕೆ ಇನ್ನೊಂದು ನಿಯಮ ಇತ್ತು. ಒಟ್ಟು ಬಂದವರಲ್ಲಿ ನೂರಕ್ಕೆ 15ರಷ್ಟಾದರೂ ಜನ ಒಂದು ಗುಂಪಿನಲ್ಲಿ ಇರಬೇಕು. ಇಲ್ಲವಾದರೆ ಆ ಗುಂಪು ಲೆಕ್ಕಕ್ಕೇ ಬರುವುದಿಲ್ಲ. ಅದರಲ್ಲಿದ್ದವರು ಬೇರೆ ಗುಂಪಿಗೆ ಸೇರಬೇಕು, ಅಥವಾ ಮನೆಗೆ ಹೋಗಬೇಕು. ನಮ್ಮ ಕೋಣೆಯಲ್ಲಿ ಆ ಗಡಿ 27 ಜನ.

ಒಬಾಮ, ಹಿಲರಿ ಕ್ಲಿಂಟನ್, ಎಡ್ವರ್ಡ್ಸ್ ಇವರ ಗೋಡೆಗಳು ನೋಡನೋಡುತ್ತ ತುಂಬಿದವು. ನಾನು ಹೋಗಿ ನಿಂತದ್ದು ಹಾಲಿನ ಫ್ರಿಜ್ಜಿನ ಪಕ್ಕದ ಮೂಲೆಯಲ್ಲಿ, ಜೋ ಬೈಡನ್ ಹೆಸರಿನ ಕೆಳಗೆ. ಹೌದು, ಅದೇ ಬೈಡನ್. ಒಂಬತ್ತು ಜನ ಇದ್ದೆವು. ಆಚೆ ಮೂಲೆಯಲ್ಲಿ ಬಿಲ್ ರಿಚರ್ಡ್‌ಸನ್ ಅವರಿಗೆ ಹದಿನೇಳು ಜನ, ಕ್ರಿಸ್ ಡಾಡ್ ಅವರಿಗೆ ಇಬ್ಬರು. ಮೂರು ಸಣ್ಣ ಗುಂಪು ಕೂಡಿದರೆ 28. ಗಡಿ ದಾಟಿ ಒಬ್ಬರು ಹೆಚ್ಚೇ ಆಗುತ್ತೇವೆ! ರಿಚರ್ಡ್‌ಸನ್ ಕಡೆಯವರೇ ಹೆಚ್ಚಿದ್ದರಿಂದ ಅವರ ಹೆಸರಿನಲ್ಲಿ ಕೂಡೋಣ ಅಂತ ಮಾತಾಯಿತು.

ನಮ್ಮ ಒಂಬತ್ತರಲ್ಲಿ ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಗಂಡ ತೀರಿಕೊಂಡ ಮೇಲೂ ಹೊಲ ಮಾರದೆ ಅಲ್ಲೇ ಬಾಳಿದವರು. ಅವರು ಒಪ್ಪಲಿಲ್ಲ. "ನಾನು ಒಬ್ಬರಿಗಾಗಿ ಬಂದೆ. ಅವರಿಲ್ಲ ಅಂದಮೇಲೆ ಇನ್ನೊಬ್ಬರ ಲೆಕ್ಕ ತುಂಬಿಸಲು ನಿಲ್ಲುವುದಿಲ್ಲ" ಅಂದರು. ಅಷ್ಟರಲ್ಲಿ ಡಾಡ್ ಕಡೆಯ ಒಬ್ಬರು ಒಬಾಮ ಗೋಡೆಗೆ ನಡೆದುಬಿಟ್ಟರು. ಉಳಿದದ್ದು 26. ಒಂದೇ ಒಂದು ತಲೆ ಕಡಿಮೆ. ಮೂರೂ ಗುಂಪು ಒಡೆಯಿತು.

ಆಗ ಶುರುವಾಯಿತು ನೋಡಿ. ನಾಲ್ಕೂ ದಿಕ್ಕಿನಿಂದ ನೆರೆಹೊರೆಯವರು ಬಂದು ಮುತ್ತಿಕೊಂಡರು. ಕೈಯಲ್ಲಿ ಮನೆಯಲ್ಲಿ ಮಾಡಿದ ಬಿಸ್ಕತ್ತು, ಬಾಯಲ್ಲಿ ಒಂದೇ ಪ್ರಶ್ನೆ: "ನಿಮ್ಮ ಎರಡನೆಯ ಆಯ್ಕೆ ಯಾರು?" ಆ ಮುದುಕಿ ಕೋಟಿನ ಗುಂಡಿ ಹಾಕಿಕೊಂಡು ಹೊರಡುವಾಗ ನಾಲ್ಕು ಮಡಿಕೆಯ ಒಂದು ಕಾಗದ ನನ್ನ ಕೈಗಿಟ್ಟು, "ಕೊನೆಯಲ್ಲಿ ಇದನ್ನು ಓದು" ಅಂದರು. ಆ ಕಾಗದದ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾನು ಅಳೆದು ಸುರಿದು ಒಬಾಮ ಗೋಡೆಗೆ ಹೋಗಿ ನಿಂತೆ. ಅಲ್ಲಿದ್ದವರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಏನೋ ಕಳೆದುಕೊಂಡ ಹಾಗೆ ಅನಿಸುತ್ತಿತ್ತು. ಅದೇ ರಾತ್ರಿ ಬೈಡನ್ ಸ್ಪರ್ಧೆಯಿಂದ ಹಿಂದೆ ಸರಿದರು. ಇಡೀ ರಾಜ್ಯದಲ್ಲಿ ಅವರಿಗೆ ಸಿಕ್ಕ ಪಾಲು ನೂರಕ್ಕೆ ಒಂದನ್ನೂ ಮುಟ್ಟಿರಲಿಲ್ಲ.

ಪಕ್ಷನಿಷ್ಠೆ, ರಾಜಿ ಈ ಎರಡು ಮಾತುಗಳನ್ನು ನಾನು ಪುಸ್ತಕದಲ್ಲಿ ಓದಿ ಕಲಿಯಲಿಲ್ಲ. ಆ ಹಾಲಿನ ಫ್ರಿಜ್ಜಿನ ಪಕ್ಕದಿಂದ ಎದುರಿನ ಗೋಡೆಯವರೆಗೆ ನಡೆದ ಇಪ್ಪತ್ತು ಹೆಜ್ಜೆಯಲ್ಲಿ ಕಲಿತೆ. ಇಂದು ಹೇಳಬೇಕೆಂದಿರುವುದು ಒಂದೇ ಸಂಗತಿ. ಜಗಳ ನೆಟ್ಟಗೆ ನಡೆದಿದ್ದರೆ ಮಾತ್ರ ರಾಜಿಗೆ ಬೆಲೆ. ಮನಸ್ಸು ಬಿಚ್ಚಿ ಜಗಳವಾಡಲು ಜಾಗ ಕೊಡದ ಪಕ್ಷಕ್ಕೆ, ಆಮೇಲೆ ಬಂದು "ಎಲ್ಲ ಮರೆತು ಒಂದಾಗಿ" ಅನ್ನುವ ಹಕ್ಕು ಇರುವುದಿಲ್ಲ.

ನಮ್ಮಲ್ಲಿ ಟಿಕೆಟ್ ಅನ್ನುವುದು ಮೇಲಿನಿಂದ ಇಳಿದು ಬರುತ್ತದೆ. ಹೈಕಮಾಂಡ್ ಪಟ್ಟಿ ಬಿಡುತ್ತದೆ, ಬಿ ಫಾರಂ ಕೈಗೆ ಬರುತ್ತದೆ. ಮತದಾರ ಹೆಸರು ನೋಡುವುದೇ ಪಟ್ಟಿ ಹೊರಬಿದ್ದ ಮೇಲೆ. ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಟಿಕೆಟ್ ಹಂಚುವ ಕೆಲಸ ಮತದಾರರದೇ. ನವೆಂಬರಿನ ಚುನಾವಣೆಗೆ ಮುಂಚೆ, ಆ ವರ್ಷದ ಜನವರಿ, ಫೆಬ್ರವರಿಯಿಂದ ಜೂನ್‌ವರೆಗೆ ಒಂದೊಂದು ರಾಜ್ಯವಾಗಿ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ, ಅಥವಾ ಕಾಕಸ್ ನಡೆಯುತ್ತದೆ. ಅಲ್ಲಿ ಬಿದ್ದ ಮತದ ಪ್ರಕಾರ ಪ್ರತಿನಿಧಿಗಳು ಹಂಚಿಕೆಯಾಗುತ್ತಾರೆ. ಬೇಸಿಗೆಯಲ್ಲಿ ಪಕ್ಷದ ಮಹಾಸಮಾವೇಶದಲ್ಲಿ ಆ ಪ್ರತಿನಿಧಿಗಳು ಅಭ್ಯರ್ಥಿಯನ್ನು ಗೊತ್ತುಮಾಡುತ್ತಾರೆ. ಅಂದರೆ ಅಲ್ಲಿನ ಮತದಾರ ಒಂದೇ ವರ್ಷದಲ್ಲಿ ಎರಡು ಸಲ ಮನಸ್ಸು ಮಾಡಬೇಕು. ಮೊದಲ ಸಲ ತನ್ನವರೊಳಗೇ ಜಗಳ. ಎರಡನೆಯ ಸಲ ಆ ಜಗಳದಲ್ಲಿ ಸೋತಿದ್ದರೂ ತನ್ನವರ ಜೊತೆ ನಿಲ್ಲಬೇಕೋ ಬೇಡವೋ ಅನ್ನುವ ತೀರ್ಮಾನ.

ಇನ್ನೊಂದು ವಿಷಯ ನಿಮಗೆ ಸೋಜಿಗ ಅನಿಸಬಹುದು. ಅಲ್ಲಿ ಪಕ್ಷದ ಸದಸ್ಯತ್ವಕ್ಕೆ ಚಂದಾ ಇಲ್ಲ, ಪ್ರಮಾಣವಚನ ಇಲ್ಲ. ಎಷ್ಟೋ ರಾಜ್ಯಗಳಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗಲೇ ನಿಮ್ಮ ಪಕ್ಷ ಯಾವುದು ಅಂತ ಕೇಳುತ್ತಾರೆ. ಒಂದು ಚೌಕಕ್ಕೆ ಗುರುತು ಹಾಕಿದರೆ ಮುಗಿಯಿತು, ನೀವು ಆ ಪಕ್ಷದವರು. ಕೆಲವು ರಾಜ್ಯಗಳಲ್ಲಿ ಹಾಗೆ ನೋಂದಾಯಿಸಿದವರಿಗೆ ಮಾತ್ರ ಪ್ರೈಮರಿಯಲ್ಲಿ ಮತ. ಇನ್ನು ಕೆಲವು ಕಡೆ ಯಾರು ಬೇಕಾದರೂ ಹಾಕಬಹುದು. ನ್ಯೂಯಾರ್ಕ್‌ನಲ್ಲಿ 2016ರ ಏಪ್ರಿಲ್ 19ರ ಪ್ರೈಮರಿಗೆ ಪಕ್ಷ ಬದಲಿಸಿಕೊಳ್ಳಲು ಕೊನೆಯ ದಿನ 2015ರ ಅಕ್ಟೋಬರ್ 9 ಆಗಿತ್ತು. ಆರು ತಿಂಗಳಿಗೂ ಮುಂಚೆ! ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಇಬ್ಬರೂ ಆ ಗಡುವು ತಪ್ಪಿಸಿಕೊಂಡು, ಸ್ವಂತ ಅಪ್ಪನಿಗೆ ಪ್ರೈಮರಿಯಲ್ಲಿ ಮತ ಹಾಕಲಾಗಲಿಲ್ಲ. ಡೆಮಾಕ್ರಟಿಕ್ ಟಿಕೆಟ್‌ಗಾಗಿ ಹಿಲರಿ ಕ್ಲಿಂಟನ್ ಎದುರು ನಿಂತಿದ್ದ ಬರ್ನಿ ಸ್ಯಾಂಡರ್ಸ್ ಅವರನ್ನು ಮೆಚ್ಚಿದ ಎಷ್ಟೋ ಸ್ವತಂತ್ರ ಮತದಾರರೂ ಹಾಗೆಯೇ ಬಾಗಿಲಾಚೆ ಉಳಿದರು. ನಿಷ್ಠೆಯನ್ನು ಅಳೆಯಲು ತಾರೀಖು ಒಳ್ಳೆಯ ಅಳತೆಗೋಲಲ್ಲ ಅಂತ ನನ್ನ ಅಭಿಪ್ರಾಯ. ಅದಿರಲಿ.

ಜಗಳಕ್ಕೆ ಜಾಗ ಕೊಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1968ಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಡೆಮಾಕ್ರಟಿಕ್ ಪಕ್ಷದ ಲಿಂಡನ್ ಜಾನ್ಸನ್ ಅಧ್ಯಕ್ಷರು. ವಿಯೆಟ್ನಾಂ ಯುದ್ಧ ಮುಗಿಯುವ ಲಕ್ಷಣವೇ ಇಲ್ಲ. ಹರೆಯದ ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿದ್ದ ಕಾಲ. ಸ್ವಂತ ಪಕ್ಷದ ಅಧ್ಯಕ್ಷರ ಎದುರು ಯೂಜಿನ್ ಮೆಕಾರ್ಥಿ ಅನ್ನುವ ಸೆನೆಟರ್ ನಿಂತರು. ಯುದ್ಧ ವಿರೋಧಿ ವಿದ್ಯಾರ್ಥಿಗಳು ಉದ್ದ ಕೂದಲು ಕತ್ತರಿಸಿಕೊಂಡು, ಗಡ್ಡ ಬೋಳಿಸಿಕೊಂಡು ನ್ಯೂ ಹ್ಯಾಂಪ್‌ಶೈರ್‌ನ ಮನೆಮನೆಗೆ ಹೋದರು. ಮಾರ್ಚ್ 12ರಂದು ಜಾನ್ಸನ್‌ಗೆ ನೂರಕ್ಕೆ ಸುಮಾರು 49, ಮೆಕಾರ್ಥಿಗೆ 42. ಗೆದ್ದವರು ಜಾನ್ಸನ್ನೇ. ಆದರೆ ಹಾಲಿ ಅಧ್ಯಕ್ಷರ ಪಾಲಿಗೆ ಅದು ಸೋಲಿನಂಥ ಗೆಲುವು. ನಾಲ್ಕು ದಿನಕ್ಕೆ ರಾಬರ್ಟ್ ಕೆನಡಿ ಕಣಕ್ಕಿಳಿದರು. ಮಾರ್ಚ್ 31ರಂದು ಜಾನ್ಸನ್ ತಾನು ಮತ್ತೆ ಸ್ಪರ್ಧಿಸುವುದಿಲ್ಲ ಅಂತ ಸಾರಿದರು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ. ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ಪ್ರೈಮರಿ ಗೆದ್ದ ರಾತ್ರಿಯೇ ಕೆನಡಿಗೆ ಗುಂಡು.

ಕೊನೆಗೆ ಟಿಕೆಟ್ ಸಿಕ್ಕಿದ್ದು ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅವರಿಗೆ. ಅವರು ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸಿರಲಿಲ್ಲ. ಆಗಿನ್ನೂ ಬಹುಪಾಲು ಪ್ರತಿನಿಧಿಗಳು ಪಕ್ಷದ ದೊಡ್ಡವರ ಕೈಯಲ್ಲಿದ್ದರು. ಆಗಸ್ಟ್‌ನಲ್ಲಿ ಶಿಕಾಗೋ ಸಮಾವೇಶ. ಬಾಂಬು ದಾಳಿ ನಿಲ್ಲಿಸಿ ಅನ್ನುವ ಶಾಂತಿಯ ಠರಾವು ಸುಮಾರು 1,567ಕ್ಕೆ 1,041 ಮತಗಳಿಂದ ಬಿದ್ದುಹೋಯಿತು. ಹೊರಗೆ ರಸ್ತೆಯಲ್ಲಿ ಪೊಲೀಸರು ಹುಡುಗರನ್ನು ಬಡಿಯುವುದು ಟಿವಿಯಲ್ಲಿ ದೇಶಕ್ಕೆಲ್ಲ ಕಂಡಿತು. ಆಮೇಲೆ ಅದೇ ಹುಡುಗರಿಗೆ, ಅವರ ಅಪ್ಪ ಅಮ್ಮಂದಿರಿಗೆ, ಪಕ್ಷ ಕೇಳಿದ್ದು ನಿಷ್ಠೆಯನ್ನು. ಎದುರಾಳಿ ರಿಪಬ್ಲಿಕನ್ ಪಕ್ಷದ ನಿಕ್ಸನ್ ಬರುತ್ತಾರೆ, ಜೋಕೆ, ಅಂದಿತು.

ಹಂಫ್ರಿ ಕೆಟ್ಟವರಾಗಿರಲಿಲ್ಲ. ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ 1948ರಿಂದಲೇ ದನಿಯೆತ್ತಿದವರು. ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಮಾತಾಡುತ್ತ, ಬಾಂಬು ದಾಳಿ ನಿಲ್ಲಿಸಲು ತಾನು ಸಿದ್ಧ ಅಂತ ಕೊನೆಗೂ ಬಾಯಿಬಿಟ್ಟರು. ಸಿಟ್ಟು ಮಾಡಿಕೊಂಡು ದೂರ ಹೋಗಿದ್ದವರು ಅಲ್ಲಿಂದ ಒಬ್ಬೊಬ್ಬರಾಗಿ ಮರಳತೊಡಗಿದರು, ಅಂತರ ಇಳಿಯತೊಡಗಿತು. ಮೆಕಾರ್ಥಿ ಮಾತ್ರ ಬೆಂಬಲ ಕೊಟ್ಟಿದ್ದು ಮತದಾನಕ್ಕೆ ಒಂದು ವಾರ ಉಳಿದಿದ್ದಾಗ, ಅದೂ ಒಲ್ಲದ ಮನಸ್ಸಿನಿಂದ. ಏಳು ಕೋಟಿಗೂ ಹೆಚ್ಚು ಮತ ಬಿದ್ದ ಚುನಾವಣೆಯಲ್ಲಿ ನಿಕ್ಸನ್‌ಗೆ ಸಿಕ್ಕ ಮುನ್ನಡೆ ಸುಮಾರು ಐದು ಲಕ್ಷ. ಯುದ್ಧ ಇನ್ನೂ ವರ್ಷಗಟ್ಟಲೆ ಎಳೆಯಿತು.

ಮೆಕಾರ್ಥಿಯ ಹುಡುಗರು ರಾಜಿಯಾಗಬೇಕಿತ್ತೇ? ಈ ಪ್ರಶ್ನೆಯನ್ನು ಅಲ್ಲಿ ಇವತ್ತಿಗೂ ಕೇಳುತ್ತಾರೆ. ನನಗನಿಸುವುದು, ಈ ಪ್ರಶ್ನೆ ಮೊದಲು ಹೋಗಬೇಕಾದದ್ದು ಆ ಹುಡುಗರ ಮನೆಗಲ್ಲ. ಶಾಂತಿ ಠರಾವನ್ನು ಬೀಳಿಸಿದವರ ಮನೆಗೆ. ಆಗಸ್ಟ್‌ನಲ್ಲೇ ಎರಡು ಸಾಲು ಬಿಟ್ಟುಕೊಟ್ಟಿದ್ದರೆ ಸೆಪ್ಟೆಂಬರ್ ಕೊನೆಯವರೆಗೆ ಕಾಯುವ ಪ್ರಮೇಯ ಬರುತ್ತಿರಲಿಲ್ಲ. ರಾಜಿಯಾಗಬೇಕಾದವರು ಸೋತವರು ಮಾತ್ರ ಅಂತ ಯಾಕೆ ಅಂದುಕೊಳ್ಳುತ್ತೇವೆ? ಗೆದ್ದವರಿಗೆ ಆ ಜವಾಬ್ದಾರಿ ದುಪ್ಪಟ್ಟು ಇರುತ್ತದೆ.

ಆ ಪೆಟ್ಟಿನಿಂದ ಡೆಮಾಕ್ರಟಿಕ್ ಪಕ್ಷ ಪಾಠ ಕಲಿಯಿತು. ಮೆಕ್‌ಗವರ್ನ್-ಫ್ರೇಸರ್ ಆಯೋಗದ ಶಿಫಾರಸಿನಂತೆ 1972ರಿಂದ ಅಭ್ಯರ್ಥಿಯ ಆಯ್ಕೆ ದೊಡ್ಡವರ ಕೋಣೆಯಿಂದ ಮತಗಟ್ಟೆಗೆ ಬಂತು. ಹೊಸ ನಿಯಮದಲ್ಲಿ ಮೊದಲು ಗೆದ್ದ ಮೆಕ್‌ಗವರ್ನ್ ಅವರೇ ನವೆಂಬರಿನಲ್ಲಿ 49 ರಾಜ್ಯ ಸೋತರು. ಅದಕ್ಕೆ ಹೆದರಿ 1980ರ ದಶಕದಲ್ಲಿ ಪಕ್ಷದ ಹಿರಿಯರಿಗೆ ಸೂಪರ್‌ಡೆಲಿಗೇಟ್ ಅನ್ನುವ ಹೆಸರಲ್ಲಿ ಸ್ವಲ್ಪ ಅಧಿಕಾರ ವಾಪಸ್ ಕೊಟ್ಟರು. 2016ರಲ್ಲಿ ಕ್ಲಿಂಟನ್ ಮತ್ತು ಸ್ಯಾಂಡರ್ಸ್ ಕಡೆಯವರ ನಡುವೆ ನಡೆದ ಗಲಾಟೆಯ ಮೇಲೆ, 2018ರಲ್ಲಿ ಅವರ ಮತವನ್ನು ಮೊದಲ ಸುತ್ತಿನಿಂದ ಹೊರಗಿಟ್ಟರು. ಹಿರಿಯರ ಮಾತು ಎಷ್ಟು ನಡೆಯಬೇಕು, ಮತದಾರರ ಮಾತು ಎಷ್ಟು ಅನ್ನುವ ಹಗ್ಗಜಗ್ಗಾಟಕ್ಕೆ ಐವತ್ತು ವರ್ಷ ದಾಟಿದೆ.

2008ಕ್ಕೆ ಬರುತ್ತೇನೆ. ನಮ್ಮೂರಿನ ಊಟದ ಕೋಣೆಯಿಂದ ಶುರುವಾದ ಒಬಾಮ ಮತ್ತು ಕ್ಲಿಂಟನ್ ಜಗಳ ಜೂನ್ 3ರವರೆಗೆ ನಡೆಯಿತು. ನನ್ನ ಪಕ್ಕದ ಮನೆಯ ದಂಪತಿಯಲ್ಲಿ ಆಕೆ ಕ್ಲಿಂಟನ್ ಕಡೆ, ಆತ ಒಬಾಮ ಕಡೆ. ಅವರ ಅಂಗಳದಲ್ಲಿ ಎರಡೂ ಹೆಸರಿನ ಫಲಕ ಇದ್ದವು, ನಡುವೆ ಒಂದು ಸೇಬಿನ ಗಿಡ. ಎಲ್ಲ ಮುಗಿದ ಮೇಲೆ ಆಕೆ ಎರಡು ವಾರ ತನ್ನ ಫಲಕ ತೆಗೆಯಲಿಲ್ಲ. ಅದು ಹಟ ಅನ್ನುವವರಿದ್ದರು. ನನಗದು ಸೂತಕದ ಹಾಗೆ ಕಂಡಿತು. ಒಂದು ಆಸೆ ಸತ್ತಾಗ ಅದಕ್ಕೂ ಕೆಲವು ದಿನ ಬೇಕಲ್ಲ!

ಜೂನ್ 7ರಂದು ಹಿಲರಿ ಕ್ಲಿಂಟನ್ ಸೋಲೊಪ್ಪಿ ಒಬಾಮ ಅವರಿಗೆ ಬೆಂಬಲ ಸಾರಿದರು. ಆಗಸ್ಟ್‌ನಲ್ಲಿ ಡೆನ್ವರ್ ಸಮಾವೇಶದಲ್ಲಿ ರಾಜ್ಯವಾರು ಮತ ಕೂಗುವಾಗ ನ್ಯೂಯಾರ್ಕ್‌ನ ಸರದಿ ಬಂತು. ಕ್ಲಿಂಟನ್ ತಾವೇ ಎದ್ದು ನಿಂತು, ಎಣಿಕೆ ನಿಲ್ಲಿಸಿ, ಒಬಾಮ ಅವರನ್ನು ಒಕ್ಕೊರಲಿನಿಂದ ಆರಿಸೋಣ ಅಂದರು. ಅದನ್ನು ಟಿವಿಯಲ್ಲಿ ನೋಡಿದ ದಿನವೇ ನನಗೆ ನನ್ನ ಇಪ್ಪತ್ತು ಹೆಜ್ಜೆಯ ಭಾರ ಸ್ವಲ್ಪ ಇಳಿಯಿತು. ಅಷ್ಟು ದೊಡ್ಡ ಮನುಷ್ಯರೂ ಗೋಡೆ ದಾಟಿ ನಡೆಯಲೇಬೇಕಲ್ಲ!

ಅದರರ್ಥ ಎಲ್ಲರೂ ನಡೆದರು ಅಂತಲ್ಲ. ಪ್ರೈಮರಿಯಲ್ಲಿ ಕ್ಲಿಂಟನ್ ಕಡೆಗಿದ್ದ ಮತದಾರರಲ್ಲಿ ನೂರಕ್ಕೆ ಸುಮಾರು 15 ಜನ ನವೆಂಬರಿನಲ್ಲಿ ರಿಪಬ್ಲಿಕನ್ ಮೆಕೇನ್‌ಗೆ ಹಾಕಿದರು ಅಂತ ಮತಗಟ್ಟೆ ಸಮೀಕ್ಷೆ ಹೇಳಿತು. ಇನ್ನೊಂದು ಅಧ್ಯಯನ ಅದನ್ನು 25ರ ಹತ್ತಿರಕ್ಕೆ ಒಯ್ಯಿತು. 2016ರಲ್ಲಿ ಸ್ಯಾಂಡರ್ಸ್ ಮತದಾರರಲ್ಲಿ ಟ್ರಂಪ್‌ಗೆ ಹಾಕಿದವರು ನೂರಕ್ಕೆ ಸುಮಾರು 12 ಅಂತ ಒಂದು ದೊಡ್ಡ ಸಮೀಕ್ಷೆಯ ಅಂದಾಜು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಕ್ಷದ್ರೋಹಿಗಳು ಅಂತ ವರ್ಷಗಟ್ಟಲೆ ಬೈಸಿಕೊಂಡವರು ಸ್ಯಾಂಡರ್ಸ್ ಕಡೆಯವರು. ಅಂಕಿ ನೋಡಿದರೆ ಅವರು 2008ರ ಕ್ಲಿಂಟನ್ ಕಡೆಯವರಿಗಿಂತ ಹೆಚ್ಚೇ ಪಕ್ಷದ ಜೊತೆ ನಿಂತವರು. ಆದರೆ 2008ರಲ್ಲಿ ಪಕ್ಷ ಗೆದ್ದಿತು, ಹಾಗಾಗಿ ಯಾರೂ ಲೆಕ್ಕ ಕೇಳಲಿಲ್ಲ. 2016ರಲ್ಲಿ ಮಿಶಿಗನ್ ರಾಜ್ಯ ಬರೀ 10,704 ಮತದಲ್ಲಿ ಕೈತಪ್ಪಿತು. ಅಷ್ಟು ಸಣ್ಣ ಅಂತರದಲ್ಲಿ ಸೋತಾಗ ಕೈತೋರಿಸಲು ಯಾರಾದರೂ ಬೇಕೇಬೇಕು.

ಆ ವರ್ಷ ಸ್ಯಾಂಡರ್ಸ್ ಕಡೆಯವರ ಸಿಟ್ಟಿಗೆ ಕಾರಣವೂ ಇತ್ತು. ಪಂಚಾಯಿತಿ ಮಾಡಬೇಕಾದವರೇ ಒಂದು ಕಡೆ ವಾಲಿದ್ದರು ಅನ್ನುವುದು ಪಕ್ಷದ ರಾಷ್ಟ್ರೀಯ ಸಮಿತಿಯ ಇಮೇಲ್‌ಗಳು ಜುಲೈನಲ್ಲಿ ಬಯಲಾದಾಗ ಕಣ್ಣಿಗೆ ರಾಚಿತು. ಸಮಿತಿಯ ಅಧ್ಯಕ್ಷೆ ರಾಜೀನಾಮೆ ಕೊಡಬೇಕಾಯಿತು. ಹಾಗಿದ್ದೂ ಸ್ಯಾಂಡರ್ಸ್ ಬಿಟ್ಟುಹೋಗಲಿಲ್ಲ. ಪಕ್ಷದ ಪ್ರಣಾಳಿಕೆಯಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಅನ್ನುವ ಮಾತನ್ನು ಬರೆಸಿಯೇ ಬೆಂಬಲ ಕೊಟ್ಟಿದ್ದರು. ಇದನ್ನು ನಾನು ಮರ್ಯಾದೆಯ ರಾಜಿ ಅನ್ನುತ್ತೇನೆ. ಕೊಟ್ಟದ್ದಕ್ಕೆ ಬದಲಾಗಿ ಏನು ಪಡೆದೆ ಅಂತ ಬೆರಳಿಟ್ಟು ತೋರಿಸಬಹುದು.

ರಿಪಬ್ಲಿಕನ್ನರ ಕಥೆ ಬೇರೆ ದಾರಿ ಹಿಡಿಯಿತು. ಅಲ್ಲಿ 2015ರಲ್ಲಿ ಹದಿನೇಳು ಜನ ಹೆಸರಾಂತ ಅಭ್ಯರ್ಥಿಗಳು. ಟ್ರಂಪ್ ಸೋತರೆ ಸ್ವತಂತ್ರವಾಗಿ ನಿಂತುಬಿಡುತ್ತಾರೆ ಅನ್ನುವ ಭಯಕ್ಕೆ ಪಕ್ಷ ನಿಷ್ಠೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಲು ಹೊರಟಿತು. ಯಾರು ಗೆದ್ದರೂ ಬೆಂಬಲಿಸುತ್ತೇನೆ ಅಂತ ಸೆಪ್ಟೆಂಬರ್ 3ರಂದು ಟ್ರಂಪ್ ಸಹಿ ಹಾಕಿದರು. ಮುಂದಿನ ಮಾರ್ಚ್ ಹೊತ್ತಿಗೆ ಉಳಿದಿದ್ದ ಟ್ರಂಪ್, ಕ್ರೂಜ್, ಕೇಸಿಕ್ ಮೂವರೂ ಆ ಮಾತಿನಿಂದ ಹಿಂದೆ ಸರಿದಿದ್ದರು. ಜುಲೈನಲ್ಲಿ ಟೆಡ್ ಕ್ರೂಜ್ ಸಮಾವೇಶದ ವೇದಿಕೆಯ ಮೇಲೆ ನಿಂತು, ಆತ್ಮಸಾಕ್ಷಿಯಂತೆ ಮತ ಹಾಕಿ ಅಂದಾಗ ಸಭೆ ಹುಯಿಲೆಬ್ಬಿಸಿತು. ತನ್ನ ಹೆಂಡತಿಯನ್ನೂ ತಂದೆಯನ್ನೂ ಹೀಯಾಳಿಸಿದವರನ್ನು ಬೆಂಬಲಿಸುವ ಅಭ್ಯಾಸ ತನಗಿಲ್ಲ ಅಂತ ಮರುದಿನ ಹೇಳಿದರು. ಎರಡು ತಿಂಗಳು ಕಳೆದು, ಸೆಪ್ಟೆಂಬರ್ 23ರಂದು, ಬೆಂಬಲ ಕೊಟ್ಟರು. ಆ ಎರಡು ತಿಂಗಳಲ್ಲಿ ಅವರ ಮನೆಯವರ ಮೇಲೆ ಆಡಿದ ಮಾತು ಬದಲಾಗಿರಲಿಲ್ಲ. ಮೊದಲೇ ಬರೆಸಿಕೊಂಡ ನಿಷ್ಠೆ ಎಷ್ಟು ದುರ್ಬಲ, ಆಮೇಲೆ ಭಯದಿಂದ ಬರುವ ನಿಷ್ಠೆ ಎಷ್ಟು ನೋವಿನದು, ಎರಡೂ ಒಂದೇ ಮನುಷ್ಯನಲ್ಲಿ ಕಂಡಿತು.

ಇನ್ನೊಂದು ಬಗೆಯ ರಾಜಿ ಇದೆ. ಇದರ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಕಡಿಮೆ. ನನಗೆ ಅತ್ಯಂತ ಸಂಕಟ ಕೊಡುವುದು ಇದೇ. 2020ರ ಚಳಿಗಾಲದಲ್ಲಿ ಅಯೋವಾದಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು. "ನನಗೆ ಎಲಿಜಬೆತ್ ವಾರನ್ ಇಷ್ಟ. ಆದರೆ ಜನ ಹೆಣ್ಣಿಗೆ ಹಾಕುವುದಿಲ್ಲ. ಅದಕ್ಕೇ ನಾನು ಬೇರೆಯವರ ಕಡೆ." ಜನ ಅಂದರೆ ಯಾರು? ಕೇಳಿದರೆ ಪಕ್ಕದ ಮನೆ ತೋರಿಸುತ್ತಾರೆ. ಪಕ್ಕದ ಮನೆಗೆ ಹೋದರೆ ಅವರದೂ ಇದೇ ಮಾತು, ಅವರು ಈ ಮನೆ ತೋರಿಸುತ್ತಾರೆ! ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಿ, ಆ ಊಹೆಗೆ ತನ್ನ ಮತ ಒಪ್ಪಿಸುವುದು. ಜಗಳವೇ ಆಗದೆ ಸೋಲೊಪ್ಪಿದ ಹಾಗೆ. ಸೋತ ಮೇಲೆ ರಾಜಿಯಾದರೆ ಎಷ್ಟು ಬಲ ನಮ್ಮ ಹಿಂದಿತ್ತು ಅಂತಲಾದರೂ ಲೋಕಕ್ಕೆ ಗೊತ್ತಾಗುತ್ತದೆ. ಮುಂಚೆಯೇ ರಾಜಿಯಾದರೆ ನಮ್ಮ ಆಸೆಯ ಗುರುತೂ ಎಲ್ಲೂ ಉಳಿಯುವುದಿಲ್ಲ.

ಆ ವರ್ಷದ ಉಳಿದ ಕಥೆ ನಿಮಗೆ ಗೊತ್ತಿರಬಹುದು. ಫೆಬ್ರವರಿ 29ರಂದು ದಕ್ಷಿಣ ಕ್ಯಾರೊಲಿನಾದ ಕಪ್ಪು ಮತದಾರರು ಬೈಡನ್ ಕೈಹಿಡಿದರು. ಎರಡೇ ದಿನದಲ್ಲಿ ಬೂಟಿಜೆಜ್, ಕ್ಲೋಬುಚರ್ ಹಿಂದೆ ಸರಿದು ಅವರ ಜೊತೆ ನಿಂತರು. ಮಾರ್ಚ್ 3ರಂದು 14 ರಾಜ್ಯಗಳಲ್ಲಿ 10 ಬೈಡನ್ ಪಾಲಾದವು. ಹನ್ನೆರಡು ವರ್ಷದ ಹಿಂದೆ ಹಾಲಿನ ಫ್ರಿಜ್ಜಿನ ಪಕ್ಕ ಒಂಬತ್ತು ಜನ ನಿಂತಿದ್ದ ಹೆಸರು ಅದು. ದಕ್ಷಿಣ ಕ್ಯಾರೊಲಿನಾದ ಆ ವಯಸ್ಸಾದ ಮತದಾರರ ರಾಜಿಯನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಮತದ ಹಕ್ಕಿಗಾಗಿ ಏಟು ತಿಂದ ತಲೆಮಾರು ಅವರದು. ಯಾರು ಗೆಲ್ಲಬಲ್ಲರು ಅನ್ನುವ ಅವರ ಲೆಕ್ಕಾಚಾರದ ಹಿಂದೆ ಬದುಕಿನ ಅನುಭವ ಇತ್ತು.

2024 ಬಂತು. ಬೈಡನ್ ಹಾಲಿ ಅಧ್ಯಕ್ಷರು, 81 ವಯಸ್ಸು. ಪಕ್ಷದೊಳಗೆ ನಿಜವಾದ ಸ್ಪರ್ಧೆಯೇ ನಡೆಯಲಿಲ್ಲ. ಮನಸ್ಸಿನಲ್ಲಿ ಅಳುಕು ಇದ್ದ ದೊಡ್ಡವರು ಬಾಯಿ ಬಿಡಲಿಲ್ಲ. ಆಗ ಮಿಶಿಗನ್‌ನಲ್ಲಿ ಒಂದು ಸಂಗತಿ ನಡೆಯಿತು. ಗಾಜಾದ ಯುದ್ಧದಿಂದ ನೊಂದ ಅರಬ್ ಮೂಲದವರು, ಮುಸ್ಲಿಮರು, ಎಷ್ಟೋ ವಿದ್ಯಾರ್ಥಿಗಳು, ಫೆಬ್ರವರಿ 27ರ ಪ್ರೈಮರಿಯಲ್ಲಿ ಮತಪತ್ರದಲ್ಲಿದ್ದ "ಅನ್‌ಕಮಿಟೆಡ್" ಅನ್ನುವ ಚೌಕಕ್ಕೆ ಗುರುತು ಹಾಕಿದರು. ಯಾರ ಕಡೆಗೂ ಇಲ್ಲ ಅಂತ ಅದರರ್ಥ. ನಮ್ಮ ನೋಟಾ ಇದ್ದ ಹಾಗೆ, ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಆ ಚೌಕಕ್ಕೂ ಸಾಕಷ್ಟು ಮತ ಬಿದ್ದರೆ ಪ್ರತಿನಿಧಿಗಳು ಸಿಗುತ್ತಾರೆ. ಒಂದು ಲಕ್ಷಕ್ಕೂ ಹೆಚ್ಚು ಜನ ಹಾಕಿದರು, ನೂರಕ್ಕೆ ಸುಮಾರು 13. ಅವರು ಪಕ್ಷ ಬಿಟ್ಟವರಲ್ಲ. ಪಕ್ಷದ ಮನೆಯೊಳಗೇ ನಿಂತು, ನನ್ನ ಮಾತು ಕೇಳಿ ಅಂತ ಬಾಗಿಲು ಬಡಿದವರು. ಇದಕ್ಕಿಂತ ನಿಷ್ಠೆಯ ನಡವಳಿಕೆ ಯಾವುದು?

ಜುಲೈ 21ರಂದು ಬೈಡನ್ ಹಿಂದೆ ಸರಿದರು. ಕಮಲಾ ಹ್ಯಾರಿಸ್ ಅಭ್ಯರ್ಥಿಯಾದರು, ಒಂದೇ ಒಂದು ಪ್ರೈಮರಿ ಎದುರಿಸದೆ. ಅದರಲ್ಲಿ ಅವರ ತಪ್ಪಿಲ್ಲ, ಕಾಲ ಮಿಂಚಿತ್ತು. ಆದರೆ ಮತದಾರರಿಗೆ ಜಗಳದ ಅವಕಾಶವೇ ಸಿಗಲಿಲ್ಲ. ಆಗಸ್ಟ್‌ನ ಸಮಾವೇಶ ಮತ್ತೆ ಶಿಕಾಗೋದಲ್ಲಿ. ಅನ್‌ಕಮಿಟೆಡ್ ಪ್ರತಿನಿಧಿಗಳು ಕೇಳಿದ್ದು ಒಂದು ಸಣ್ಣ ವಿಷಯ. ಪ್ಯಾಲೆಸ್ತೀನ್ ಮೂಲದ ಒಬ್ಬ ಅಮೆರಿಕನ್‌ಗೆ ವೇದಿಕೆಯಲ್ಲಿ ಮಾತಾಡಲು ಕೆಲವು ನಿಮಿಷ ಕೊಡಿ ಅಂತ. ಕೊಡಲಿಲ್ಲ. ಅವರು ಸಭಾಂಗಣದ ಹೊರಗೆ ನೆಲದ ಮೇಲೆ ಕೂತು ರಾತ್ರಿ ಕಳೆದರು. 1968ರಲ್ಲಿ ಶಾಂತಿಯ ಠರಾವು, 2024ರಲ್ಲಿ ಎರಡು ನಿಮಿಷದ ಭಾಷಣ. ಅದೇ ಊರು.

ಸೆಪ್ಟೆಂಬರಿನಲ್ಲಿ ಆ ಚಳವಳಿಯವರು ಒಂದು ಹೇಳಿಕೆ ಕೊಟ್ಟರು. ಹ್ಯಾರಿಸ್ ಅವರನ್ನು ಬೆಂಬಲಿಸಲಾರೆವು, ಟ್ರಂಪ್ ಬರಬಾರದು, ಟ್ರಂಪ್‌ಗೆ ಅನುಕೂಲವಾಗುವಂತೆ ಮೂರನೆಯವರಿಗೂ ಮತ ಹಾಕಬೇಡಿ. ಓದಿ ನನಗೆ ಕಣ್ಣು ಮಂಜಾಯಿತು. ಒಂದೇ ಹೇಳಿಕೆಯಲ್ಲಿ ಆತ್ಮಸಾಕ್ಷಿ ಮತ್ತು ರಾಜಿ ಎರಡನ್ನೂ ಹಿಡಿದಿಡಲು ಪಟ್ಟ ಪಾಡು ಅದು. ನವೆಂಬರಿನಲ್ಲಿ ಟ್ರಂಪ್ ಮಿಶಿಗನ್ ಅನ್ನು ಸುಮಾರು 80,000 ಮತದಿಂದ ಗೆದ್ದರು. ಅವರಿಂದಲೇ ಸೋತೆವು ಅಂತ ನಾನು ಹೇಳುವುದಿಲ್ಲ. ಟ್ರಂಪ್ ಏಳಕ್ಕೆ ಏಳೂ ನಿರ್ಣಾಯಕ ರಾಜ್ಯ ಗೆದ್ದ ಚುನಾವಣೆ ಅದು, ಕಾರಣ ಹತ್ತಾರು. ಆದರೆ ಮನೆಯೊಳಗೆ ನಿಂತು ಬಾಗಿಲು ಬಡಿದವರನ್ನು ಹೊರಗೆ ನೆಲದ ಮೇಲೆ ಕೂರಿಸಿದ್ದು ತಪ್ಪು. ಗೆದ್ದಿದ್ದರೂ ತಪ್ಪೇ.

ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಹಾಗಾದರೆ ಆ ಮುದುಕಿ ಮಾಡಿದ್ದು ಸರಿಯೋ ತಪ್ಪೋ ಸರ್? ಅವರೊಬ್ಬರು ಉಳಿದಿದ್ದರೆ 27 ಆಗುತ್ತಿತ್ತಲ್ಲ." ಲೆಕ್ಕ ಸರಿಯಾಗಿ ಹಿಡಿದಿದ್ದಳು. ಅಂದು ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು, ಇಲ್ಲಿ ಪೂರ್ತಿ ಬರೆಯುತ್ತೇನೆ.

ಅವರು ಉಳಿಯಬೇಕಿತ್ತು ಅಂತ ಆ ರಾತ್ರಿ ನನಗೆ ಸಿಟ್ಟಿತ್ತು. ಈಗಲೂ ನಾನಾಗಿದ್ದರೆ ಉಳಿಯುತ್ತಿದ್ದೆ. ಒಂದು ತಲೆಯಿಂದ 26 ಜನರ ಮಾತು ಮಣ್ಣುಪಾಲಾಯಿತು. ಚುನಾವಣೆಯ ಫಲ ನಾನೊಬ್ಬನೇ ಉಣ್ಣುವುದಿಲ್ಲ, ಪಕ್ಕದ ಮನೆಯವರೂ ಉಣ್ಣಬೇಕು. ನಿಷ್ಠೆ ಅಂತ ಒಂದಿದ್ದರೆ ಅದು ಪಕ್ಷಕ್ಕಿಂತ ಮುಂಚೆ ಆ ಪಕ್ಕದ ಮನೆಗೆ ಸಲ್ಲಬೇಕು. ಆದರೆ ಅವರು ಬರಿಗೈಲಿ ಹೋಗಲಿಲ್ಲ ಅನ್ನುವುದನ್ನೂ ಹೇಳಬೇಕು.

ತಲೆ ಎಣಿಕೆ ಮುಗಿದ ಕೂಡಲೇ ಜನ ಚೆದುರಿದರು. ಕಾಕಸ್‌ನ ಕೆಲಸ ಅಷ್ಟಕ್ಕೆ ಮುಗಿಯುವುದಿಲ್ಲ. ಉಳಿದವರು ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಸಮಾವೇಶಕ್ಕೆ ಪ್ರತಿನಿಧಿಗಳನ್ನು ಆರಿಸಬೇಕು, ಪ್ರಣಾಳಿಕೆಗೆ ಠರಾವು ಕಳಿಸಬೇಕು. 180 ಜನರಲ್ಲಿ ಹನ್ನೊಂದು ಜನ ಉಳಿದೆವು. ಅಡುಗೆಯಾಕೆ ದೀಪ ಆರಿಸಲು ಕಾಯುತ್ತಿದ್ದಳು. ಸಭೆಯ ಅಧ್ಯಕ್ಷರು, ಠರಾವು ಏನಾದರೂ ಇದೆಯೇ ಅಂದರು. ನಾನು ಕಾಗದ ಬಿಚ್ಚಿದೆ. ಶಾಲೆಯ ಗೆರೆ ಹಾಳೆ, ಟೀಚರಮ್ಮನ ದುಂಡಗಿನ ಅಕ್ಷರ. ಊರ ಮಗ್ಗುಲಲ್ಲಿ ಹೊಸ ಹಂದಿ ಫಾರ್ಮ್ ಕಟ್ಟುವಾಗ ಎಲ್ಲಿ ಕಟ್ಟಬೇಕು ಅನ್ನುವುದರಲ್ಲಿ ಕೌಂಟಿಯ ಜನರಿಗೂ ಮಾತಿರಬೇಕು, ರೊಚ್ಚಿನ ಹೊಂಡ ಹಳ್ಳಕ್ಕೆ ಇಷ್ಟು ದೂರ ಇರಬೇಕು ಅಂತ ನಾಲ್ಕು ಸಾಲು. ಅಯೋವಾದಲ್ಲಿ ಜನ 30 ಲಕ್ಷವಾದರೆ ಹಂದಿಗಳು ಅದರ ಆರು ಪಟ್ಟಿಗೂ ಹೆಚ್ಚು. ಆ ವಾಸನೆಯಲ್ಲಿ ಬದುಕಿದವರಿಗೇ ಅದರ ಅರ್ಥ ಗೊತ್ತು.

ಹನ್ನೊಂದೂ ಕೈ ಮೇಲೆದ್ದವು. ಮಾರ್ಚ್‌ನ ಕೌಂಟಿ ಸಮಾವೇಶಕ್ಕೆ ನಾನೇ ಪ್ರತಿನಿಧಿಯಾಗಿ ಆ ಹಾಳೆ ಹಿಡಿದು ಹೋದೆ. ಅಲ್ಲಿ ಒಂದೂವರೆ ಗಂಟೆ ವಾದವಾಯಿತು. ಹೊಂಡದ ದೂರದ ಸಾಲನ್ನು ಕೈಬಿಟ್ಟರೆ ಉಳಿದದ್ದಕ್ಕೆ ಒಪ್ಪುತ್ತೇವೆ ಅಂದರು. ನಾನು ಹೊರಗೆ ಬಂದು ಟೀಚರಮ್ಮನಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಮೂರು ಸಾಲು ಉಳಿಯುತ್ತವೆ, ಓದು" ಅಂದರು. ಓದಿದೆ. "ಇನ್ನೊಂದು ಸಲ ಓದು" ಅಂದರು.